ತೆಗೆದ ರಕ್ತದಲ್ಲಿ ಮೊದಲೇ ಗೊತ್ತಾಗುತ್ತಿರಲಿಲ್ಲವೇ?

ಓದುಗರ ಪತ್ರ: ನನ್ನ ತಂಗಿಗೆ ಏಳು ತಿಂಗಳವರೆಗೆ ಎಲ್ಲ ಸರಿಯಾಗಿತ್ತು. ಇದ್ದಕ್ಕಿದ್ದಂತೆ ಬಿಪಿ ಏರಿತು. ಪ್ರಿಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರಿ ಅಪಾಯ ತರುವ ಕಾಯಿಲೆ) ಎಂದರು, 33ನೇ ವಾರದಲ್ಲೇ ಹೆರಿಗೆ ಮಾಡಿಸಿದರು. ತಾಯಿ, ಮಗು ಕ್ಷೇಮ. ಆದರೆ ಅಷ್ಟು ಸಲ ರಕ್ತ ತೆಗೆದಿದ್ದರಲ್ಲ, ಮೊದಲೇ ಗೊತ್ತಾಗುತ್ತಿರಲಿಲ್ಲವೇ? ಬಯೋಮಾರ್ಕರ್, ಅಂದರೆ ಕಾಯಿಲೆಯ ಸುಳಿವು ಕೊಡುವ ಗುರುತು, ರಕ್ತದಲ್ಲಿ ಸಿಕ್ಕಿತು ಎಂಬ ಸುದ್ದಿ ಆಗಾಗ ಓದುತ್ತೇನೆ.

ಸಂಪಾದಕರ ಉತ್ತರ: ಇಬ್ಬರೂ ಕ್ಷೇಮ ಎಂದು ಓದಿ ಸಮಾಧಾನವಾಯಿತು. ನಿಮ್ಮ ತಂಗಿ ಏನೂ ತಪ್ಪು ಮಾಡಿಲ್ಲ. ಇದನ್ನು ಅವರಿಗೆ ದಯವಿಟ್ಟು ಹೇಳಿ.

ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಸಕ್ಕರೆ ಇಂಥವನ್ನು ನೋಡುತ್ತಾರೆ. ಈ ಕಾಯಿಲೆಯ ಸುಳಿವು ಬೇರೆ ಕಡೆ ಇದೆ. ಮಾಸಿಗೆ ರಕ್ತ ಸಾಲದೆ ಹೋದಾಗ ಅದು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಜಾಸ್ತಿ ಬಿಡುತ್ತದೆ. ತಾಯಿಯ ರಕ್ತನಾಳಗಳನ್ನು ಕಾಯುವ ಪಿಎಲ್‌ಜಿಎಫ್‌ನಂಥ ಪ್ರೋಟೀನುಗಳನ್ನು ಇದು ಹಿಡಿದು ಕಟ್ಟಿಹಾಕುತ್ತದೆ. 2003ರಲ್ಲಿ ಸಂಶೋಧಕ ಅನಂತ್ ಕರುಮಂಚಿ ಅವರ ತಂಡ ಬಸುರಿ ಇಲಿಗಳಲ್ಲಿ ಎಸ್‌ಫ್ಲಿಟ್-1 ಹೆಚ್ಚಿಸಿ ನೋಡಿತು. ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು.

ಆದರೆ ಕಾಯಿಲೆ ಬಂದ ಮೇಲೆ ಗುರುತು ಸಿಕ್ಕರೆ ಸಾಲದು, ಅಲ್ವಾ? ಚೆನ್ನಾಗಿದ್ದಾಗಲೇ ತೆಗೆದಿಟ್ಟ ರಕ್ತ ಬೇಕು. ಯಾರಿಗೆ ಬರುತ್ತದೆ ಎಂದು ಆಗ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಸಾವಿರಾರು ಜನರಿಂದ ರಕ್ತ ತೆಗೆದು, ಹೆರಿಗೆಯವರೆಗೆ ಕಾಯಬೇಕು. 1990ರ ದಶಕದಲ್ಲಿ ಅಮೆರಿಕದಲ್ಲಿ 4,589 ಚೊಚ್ಚಲ ಬಸುರಿಯರ ಮೇಲೆ ಕ್ಯಾಲ್ಸಿಯಂ ಮಾತ್ರೆಯ ಪ್ರಯೋಗ ನಡೆಯಿತು. ಮಾತ್ರೆಯಿಂದ ಕಾಯಿಲೆ ತಪ್ಪಲಿಲ್ಲ. ಆದರೆ ತೆಗೆದಿಟ್ಟ ರಕ್ತ ಫ್ರೀಜರಿನಲ್ಲಿ ಉಳಿಯಿತು. ವರ್ಷಗಳ ನಂತರ ಅದನ್ನೇ ಹೊರತೆಗೆದು ನೋಡಿದಾಗ, ಲಕ್ಷಣ ಕಾಣುವ ಸುಮಾರು 5 ವಾರ ಮೊದಲೇ ಎಸ್‌ಫ್ಲಿಟ್-1 ಏರತೊಡಗಿದ್ದು ಗೊತ್ತಾಯಿತು. ಯಾವುದಕ್ಕೋ ಕೊಟ್ಟ ರಕ್ತ ಇನ್ಯಾವುದಕ್ಕೋ ಒದಗಿತು. ಆ ತಾಯಂದಿರನ್ನು ನೆನೆದರೆ ಮನಸ್ಸು ತುಂಬುತ್ತದೆ.

ಇಂಥ ಕೆಲಸದಲ್ಲಿ ಪ್ರತಿ ಟ್ಯೂಬಿಗೂ ಗರ್ಭದ ವಾರ ಸರಿಯಾಗಿ ಗೊತ್ತಿರಬೇಕು. ಪಿಎಲ್‌ಜಿಎಫ್ ಆರೋಗ್ಯವಂತರಲ್ಲೂ ಸುಮಾರು 30ನೇ ವಾರದವರೆಗೆ ಏರಿ, ಆಮೇಲೆ ಇಳಿಯುತ್ತದೆ. ವಾರ ತಪ್ಪಿದರೆ ಲೆಕ್ಕವೆಲ್ಲ ತಪ್ಪು.

ಈಗ ಈ ಎರಡೂ ಪ್ರೋಟೀನುಗಳ ಅನುಪಾತ, ಅಂದರೆ ಪಿಎಲ್‌ಜಿಎಫ್‌ನ ಎಷ್ಟು ಪಟ್ಟು ಎಸ್‌ಫ್ಲಿಟ್-1 ಇದೆ ಎಂದು ನೋಡುವ ಪರೀಕ್ಷೆ ಇದೆ. 2016ರ ಅಧ್ಯಯನವೊಂದರಲ್ಲಿ, ಕಾಯಿಲೆಯ ಅನುಮಾನವಿದ್ದು ಅನುಪಾತ 38 ಅಥವಾ ಕಡಿಮೆ ಬಂದವರಲ್ಲಿ ಶೇ 99.3 ಮಂದಿಗೆ ಮುಂದಿನ ಒಂದು ವಾರ ಕಾಯಿಲೆ ಬರಲಿಲ್ಲ. 38 ದಾಟಿದವರಲ್ಲಿ ನಾಲ್ಕು ವಾರದೊಳಗೆ ಕಾಯಿಲೆ ಬಂದದ್ದು ಶೇ 36.7 ಮಂದಿಗೆ ಮಾತ್ರ. ಅಂದರೆ ‘ಸದ್ಯಕ್ಕೆ ಭಯವಿಲ್ಲ’ ಎನ್ನುವುದರಲ್ಲಿ ಇದು ಗಟ್ಟಿ, ‘ಬಂದೇ ಬರುತ್ತದೆ’ ಎನ್ನುವುದರಲ್ಲಿ ಅಲ್ಲ. ಐದನೇ ತಿಂಗಳಲ್ಲಿ ಮಾಡಿಸಿದ್ದರೂ ನಿಮ್ಮ ತಂಗಿಗೆ ಏನೂ ಹೇಳದೇ ಇರಬಹುದಿತ್ತು. ‘ಸಿಕ್ಕಿತು’ ಎಂಬ ಸುದ್ದಿಗಳು ಬಿಟ್ಟುಬಿಡುವುದು ಇದನ್ನೇ.

ತಂಗಿಯ ಮುಂದಿನ ಬಸಿರಿಗೆ ಒಂದು ಮಾತು. 2017ರ ಪ್ರಯೋಗದಲ್ಲಿ, ಹೆಚ್ಚು ಅಪಾಯವಿದ್ದವರಿಗೆ ಮೊದಲ ಮೂರು ತಿಂಗಳ ಕೊನೆಗೆ ಶುರುಮಾಡಿ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ ಶೇ 4.3ರಿಂದ 1.6ಕ್ಕೆ ಇಳಿಯಿತು. ನೀವಾಗಿಯೇ ಮಾತ್ರೆ ಶುರುಮಾಡಬೇಡಿ. ಈ ಸಲದ ಡಿಸ್ಚಾರ್ಜ್ ಚೀಟಿ ಜೋಪಾನವಾಗಿಡಿ. ಬಿಪಿ ಏರಿದ್ದು ಎಷ್ಟನೇ ವಾರ ಎಂಬುದನ್ನು ಅದರ ಮೇಲೆ ದೊಡ್ಡದಾಗಿ ಬರೆದಿಟ್ಟು, ಮುಂದಿನ ಸಲ ಮೊದಲ ಭೇಟಿಯಲ್ಲೇ ವೈದ್ಯರ ಕೈಗೆ ಕೊಡಿ.