ಹಳೇ ಮೆಟ್ಟಿಲಿಗೆ ಹೊಸ ಕಾರ್ಪೆಟ್

ಪ್ರಶ್ನೆ: ನಾವು ಈಚೆಗೆ ಕೊಂಡದ್ದು ನೂರು ವರ್ಷ ದಾಟಿದ ಮನೆ. ಮರದ ಮೆಟ್ಟಿಲು, ಒಟ್ಟು 13. ತಿರುವಿನಲ್ಲಿರುವ ಮೂರು ಮೆಟ್ಟಿಲು ಬೀಸಣಿಗೆಯ ಹಾಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಹಳೇ ಕಾರ್ಪೆಟ್ ಕಿತ್ತು ನೋಡಿದರೆ ಎರಡೂ ಅಂಚಿಗೆ ಮಾತ್ರ ಬಣ್ಣ ಇದೆ, ನಡುವೆ ಬರೀ ಮರ! ನಡುವೆ ಉದ್ದಕ್ಕೂ ಕಾರ್ಪೆಟ್ ರನ್ನರ್, ಅಂದರೆ ಕಿರಿದಾದ ಉದ್ದ ಕಾರ್ಪೆಟ್, ಹಾಸುವ ಆಸೆ. ನಾವೇ ಹಾಸಬಹುದಾ? ಅತ್ತೆಗೆ 78 ವರ್ಷ. ಅವರು ಜಾರಬಾರದು, ಅದೇ ಮುಖ್ಯ.

ಉತ್ತರ: ಆ ಬರೀ ಮರ ನೋಡಿ ಬೇಜಾರಾಗಬೇಡಿ. ಹಿಂದಿನವರು ಕಾಣುವ ಅಂಚಿಗಷ್ಟೇ ಬಣ್ಣ ಹೊಡೆಯುತ್ತಿದ್ದರು. ಕಾರ್ಪೆಟ್ ಕೆಳಗೆ ಮುಚ್ಚಿಹೋಗುವ ಜಾಗಕ್ಕೆ ಸುಮ್ನೆ ಬಣ್ಣ ಯಾಕೆ, ಅಲ್ವಾ? ಅಲ್ಲಿ ಟೇಪ್ ಹಿಡಿದು ನೋಡಿ. 27 ಇಂಚು ಬಂದರೆ ಆಶ್ಚರ್ಯವಿಲ್ಲ. ಹಳೇ ಮಗ್ಗಗಳಲ್ಲಿ ಮೆಟ್ಟಿಲಿನ ಕಾರ್ಪೆಟ್ಟನ್ನು ಜಾಸ್ತಿ ನೇಯುತ್ತಿದ್ದದ್ದೇ ಆ ಅಗಲಕ್ಕೆ, ಅಂದರೆ ಮುಕ್ಕಾಲು ಗಜಕ್ಕೆ. ನೀವೂ ಅದೇ ಅಗಲ ತಂದರೆ ಬಣ್ಣದ ಕೆಲಸ ಅರ್ಧ ತಪ್ಪುತ್ತದೆ. ಆದರೆ ಆ ಹಳೇ ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ. ಅದರಲ್ಲಿ ಸೀಸ ಇರಬಹುದು, ಧೂಳು ಒಳ್ಳೆಯದಲ್ಲ.

ಈಗ ಅಳತೆ. ಅಪ್ಪನ ಜೊತೆ ಕೆಲಸ ಕಲಿಯುವಾಗ ನಾನು ಒಂದೇ ಮೆಟ್ಟಿಲು ಅಳೆದು 13ರಿಂದ ಗುಣಿಸಿದ್ದೆ. ಕೊನೇ ಮೆಟ್ಟಿಲಿಗೆ ಬಂದಾಗ ಕಾರ್ಪೆಟ್ ಅರ್ಧ ಗೇಣು ಕಡಿಮೆ. ಅಪ್ಪ ಬೈಯಲಿಲ್ಲ. ಟೇಪ್ ಕೈಗೆ ಕೊಟ್ಟು, ಒಂದೊಂದೇ ಅಳೆದು ಬಾ ಅಂದರು. ಹದಿಮೂರರಲ್ಲಿ ಯಾವ ಎರಡು ಮೆಟ್ಟಿಲೂ ಒಂದೇ ಥರ ಇರಲಿಲ್ಲ. ಹಾಗಾಗಿ ಪ್ರತಿ ಮೆಟ್ಟಿಲಿನದ್ದೂ ಬರೆದಿಡಿ: ಕಾಲಿಡುವ ಹಲಗೆ, ಮುಂದಿನ ತುದಿಯ ಸುತ್ತು, ನಿಂತ ಹಲಗೆ. 25, 4, 19 ಸೆಂಟಿಮೀಟರ್ ಬಂದರೆ ಒಂದು ಮೆಟ್ಟಿಲಿಗೆ 48. ತಿರುವಿನ ಮೂರನ್ನು ರನ್ನರಿನ ಹೊರ ಅಂಚು ಹಾಯುವ ಅಗಲ ಕಡೆಯಲ್ಲೇ ಅಳೆಯಿರಿ. ಕೊನೆಗೆ ಅರ್ಧ ಮೀಟರ್ ಸೇರಿಸಿ.

ಕಾರ್ಪೆಟ್ ತರುವ ಮುಂಚೆ ಮೆಟ್ಟಿಲನ್ನೇ ಸರಿ ಮಾಡಿ. ಕಿರುಗುಟ್ಟುವ ಕಡೆ ಮೊದಲು ಸಣ್ಣ ತೂತು ಕೊರೆದು, ಆಮೇಲೆ ಸ್ಕ್ರೂ ಹಾಕಿ, ತಲೆ ಮರದೊಳಗೆ ಇಳಿಯುವ ಹಾಗೆ ಬಿಗಿ ಮಾಡಿ. ಹಳೇ ಮರ ಒಣಗಿರುತ್ತದೆ, ತೂತಿಲ್ಲದೆ ಹೊಡೆದರೆ ತುದಿ ಸೀಳುತ್ತದೆ. ಎಷ್ಟೋ ಜನರ ಕಾಲು ತುಳಿದು ನಡುವೆ ಸವೆದ ಗುಳಿಯನ್ನೂ ತುಂಬಿಸಿ. ಗುಳಿಯ ಮೇಲೆ ಕಾರ್ಪೆಟ್ ತಮಟೆಯ ಹಾಗೆ ಬಿಗಿದು ನಿಂತರೆ, ಅತ್ತೆ ಕಾಲಿಟ್ಟಾಗ ಕೆಳಗೆ ಕುಸಿಯುತ್ತದೆ. ಜಾರುವುದಕ್ಕಿಂತ ಅದು ಅಪಾಯ.

ರನ್ನರ್ ಕೂರಿಸುವ ನಡುಗೆರೆ ಹಾಕಲು ಗೋಡೆಯನ್ನು ನಂಬಬೇಡಿ. ಹಳೇ ಗೋಡೆ ಉಬ್ಬಿರುತ್ತದೆ. ನೇರ ಮೆಟ್ಟಿಲುಗಳ ಸಾಲಿಗೆ ಮೇಲಿಂದ ಕೆಳಕ್ಕೆ ದಾರ ಎಳೆದು, ದೂರ ನಿಂತು ನೋಡಿ. ಕಣ್ಣಿಗೆ ನೇರ ಕಂಡರೆ ಅದೇ ನೇರ.

ಕಾರ್ಪೆಟ್ಟನ್ನು ಹಿಡಿದಿಡುವುದು ಗ್ರಿಪ್ಪರ್ ಪಟ್ಟಿ, ಅದರಲ್ಲಿ ಓರೆಯಾಗಿ ನಿಂತ ಸಣ್ಣ ಮುಳ್ಳುಗಳಿರುತ್ತವೆ. ಪ್ರತಿ ಮೆಟ್ಟಿಲಿನ ಮೂಲೆಗೆ ಎರಡು ಬೇಕು. ಒಂದು ಕಾಲಿಡುವ ಹಲಗೆಯ ಹಿಂದೆ, ಒಂದು ನಿಂತ ಹಲಗೆಯ ಬುಡದಲ್ಲಿ. ಎರಡರ ಮುಳ್ಳೂ ಮೂಲೆಯ ಕಡೆ ನೋಡಲಿ, ನಡುವೆ ಒಂದು ಬೆರಳಿನಷ್ಟು ಸಂದು ಇರಲಿ. ಕಾರ್ಪೆಟ್ಟನ್ನು ಆ ಸಂದಿನೊಳಗೆ ಮೊಂಡು ಉಳಿಯಿಂದ ಒತ್ತಿ ಕೂರಿಸಬೇಕು. ಕೆಳಗಿನ ಮೆತ್ತೆ ತೆಳ್ಳಗೆ, ಗಟ್ಟಿಯಾಗಿರಲಿ. ದಪ್ಪ ಮೆತ್ತೆ ಕಾಲಿಗೆ ಸುಖ, ಆದರೆ ತುದಿ ಗುಂಡಗಾಗಿ ಹೆಜ್ಜೆ ತಪ್ಪುತ್ತದೆ. ಮೆತ್ತೆಯೂ ಪಟ್ಟಿಯೂ ರನ್ನರಿಗಿಂತ ಎರಡೂ ಕಡೆ 2 ಸೆಂಟಿಮೀಟರ್ ಒಳಗೇ ನಿಲ್ಲಲಿ, ಇಲ್ಲದಿದ್ದರೆ ಇಣುಕುತ್ತವೆ.

ಹಾಸುವ ಮುಂಚೆ ಕಾರ್ಪೆಟ್ಟನ್ನು ಬೆಕ್ಕಿನ ಬೆನ್ನಿನ ಹಾಗೆ ಸವರಿ. ಕೈ ನಯವಾಗಿ ಹೋಗುವ ದಿಕ್ಕು ಕೆಳಕ್ಕಿರಬೇಕು. ತಿರುಗಿಸಿ ಹಾಸಿದರೆ ಪ್ರತಿ ತುದಿಯಲ್ಲೂ ಎಳೆ ಬಾಯಿ ಬಿಟ್ಟು ಹಿಂಬದಿ ಕಾಣುತ್ತದೆ.

ತಿರುವಿನಲ್ಲಿ ಜಾಸ್ತಿಯಾದ ಬಟ್ಟೆಯನ್ನು ಕತ್ತರಿಸಬೇಡಿ. ನಿಂತ ಹಲಗೆಯ ಬುಡದಲ್ಲಿ ಒಳಕ್ಕೆ ಮಡಚಿ ಮೊಳೆ ಹೊಡೆಯಿರಿ. ಉದ್ದ ಪಟ್ಟೆಯ ವಿನ್ಯಾಸ ಆರಿಸಿದ್ದರೆ ಅಲ್ಲಿ ವಕ್ರ ಎದ್ದು ಕಾಣುತ್ತದೆ. ನಾನಾದರೆ ಒಂದೇ ಬಣ್ಣದ ಉಣ್ಣೆಯದ್ದು ಹಾಕುತ್ತೇನೆ. ಕತ್ತಾಳೆ ನಾರಿನದ್ದು ಚೆಂದ ಕಂಡರೂ ಕಾಲುಚೀಲಕ್ಕೆ ಜಾರುತ್ತದೆ, ತುದಿಗೆ ಬಗ್ಗುವುದೂ ಇಲ್ಲ. ಧೈರ್ಯ ಇದ್ದರೆ ನೇರ ಮೆಟ್ಟಿಲು ನೀವೇ ಮಾಡಿ. ಆ ಮೂರಕ್ಕೆ ಕೆಲಸ ಬಲ್ಲವರನ್ನು ಕರೆಯಿರಿ.

ಪ್ರಶ್ನೆ: ಮೆಟ್ಟಿಲಿನ ಮೂಲೆಯಲ್ಲಿ ಕಾರ್ಪೆಟ್ ಮೇಲೆ ಅಡ್ಡಲಾಗಿ ಹಿತ್ತಾಳೆ ಸರಳು ಹಾಕಿದರೆ ಗ್ರಿಪ್ಪರ್ ಬೇಡವೇ?

ಉತ್ತರ: ಬೇಕು. ಈಗ ಸಿಗುವ ಸರಳುಗಳಲ್ಲಿ ಎಷ್ಟೋ ಬರೀ ಶೋಕಿಗೆ. ಹಿಂದೆ ಸರಳೇ ಕಾರ್ಪೆಟ್ಟನ್ನು ಹಿಡಿಯುತ್ತಿತ್ತು. ಅದಕ್ಕೊಂದು ಲಾಭವೂ ಇತ್ತು: ಒಂದಿಷ್ಟು ಉದ್ದ ಹೆಚ್ಚಿಗೆ ಮಡಚಿಟ್ಟು, ಆಗಾಗ ಸರಳು ತೆಗೆದು ಕಾರ್ಪೆಟ್ಟನ್ನು ಸ್ವಲ್ಪ ಸರಿಸುತ್ತಿದ್ದರು. ಆಗ ತುದಿ ಒಂದೇ ಕಡೆ ಸವೆಯುತ್ತಿರಲಿಲ್ಲ. ಸರಳು ಹಾಕುವ ಆಸೆಯಿದ್ದರೆ ಮೆಟ್ಟಿಲಿನ ಮೂಲೆಯಲ್ಲಿ ಹಳೇ ಸ್ಕ್ರೂ ತೂತು ಹುಡುಕಿ. ಜೋಡಿ ಜೋಡಿಯಾಗಿ ಸಿಗಬಹುದು.