ಮುತ್ಯಾನ ಮಡಚುವ ಚಾಕು ಪಾಲಿಶ್ ಮಾಡಿಸಬೇಕೋ, ಇದ್ದಂತೆ ಇಡಬೇಕೋ?

ಮುತ್ಯಾ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಮೂರು ಮಡಚುವ ಚಾಕು ಸಿಕ್ಕವು ಎಂದು ಬರೆದಿದ್ದೀರಿ. ಒಂದು ಕೊಂಬಿನ ಹಿಡಿಯದು, ಅಲಗಿನ ಬುಡದಲ್ಲಿ ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು ಶೆಫೀಲ್ಡ್‌ನ ಮುದ್ರೆ ಇದೆ. ಒಂದು ಸಂತೆಯಲ್ಲಿ ಕೊಂಡ ಕಟ್ಟಿಗೆ ಹಿಡಿಯದು. ಮೂರನೆಯದು ಜಂಗು ಹಿಡಿದು ತೆರೆಯುವುದೇ ಇಲ್ಲ. ತಮ್ಮ ಎಲ್ಲವನ್ನೂ ಪಾಲಿಶ್ ಮಾಡಿಸಿ ಹೊಸದರಂತೆ ಮಾಡೋಣ ಅಂತಾನೆ, ಅವ್ವ "ಅವರ ಕೈ ಆಡಿದ್ದವ, ಮುಟ್ಟಬ್ಯಾಡ್ರಿ" ಅಂತಾರೆ. ನೀವು ಕಲಬುರಗಿಯವರು, ನಾನು ಬೀದರಿನವನು. ಇದೇ ಜಗಳ ನಮ್ಮ ಮನೆಯಲ್ಲೂ ಆಗಿದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಸದ್ಯಕ್ಕೆ ಯಾವ ಅಂಗಡಿಗೂ ಕೊಡಬೇಡಿ. ಮೋಟಾರಿನ ಚಕ್ರದ ಮೇಲೆ ಪಾಲಿಶ್ ಮಾಡುವವರಿಗಂತೂ ಬೇಡವೇ ಬೇಡ.

ನಮ್ಮ ಮುತ್ಯಾ ನಿಜಾಮರ ಕಾಲದಲ್ಲಿ ತಹಸೀಲ್ ಕಚೇರಿಯ ಕಾರಕೂನರು. ಆಗ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. ಉಕ್ಕಿನ ನಿಬ್ಬು ಬಂದಿದ್ದರೂ ಅವರ ಕೈಗೆ ಒಗ್ಗಿದ್ದು ಜೊಂಡಿನ ಕಲಮು. ಅದರ ತುದಿ ಸವೆದಂತೆಲ್ಲ ಓರೆಯಾಗಿ ಕತ್ತರಿಸಿ ಹೊಸ ಮೊನೆ ಮಾಡಿಕೊಳ್ಳಬೇಕು, ಅದಕ್ಕೆ ಕತ್ ಅಂತಿದ್ದರು. ಕತ್ ಕೊಡಲಿಕ್ಕೆಂದೇ ಅವರ ಕಿಸೆಯಲ್ಲಿ ಎರಡು ಅಲಗಿನ ಸಣ್ಣ ಚಾಕು. 1948ರಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಕಚೇರಿಯ ಭಾಷೆ ಬದಲಾಯಿತು. ಚಾಕು ಮಾತ್ರ ಕಿಸೆಯಲ್ಲೇ ಉಳಿಯಿತು. ನನಗೆ ನೆನಪಿರುವ ಮುತ್ಯಾ ಅದೇ ಚಾಕುವಿನಿಂದ ನಮ್ಮ ಪೆನ್ಸಿಲ್ ಕೆತ್ತಿ ಕೊಡುತ್ತಿದ್ದರು, ಪೇರಲ ಹಣ್ಣು ಹೋಳು ಮಾಡಿ ಉಪ್ಪು ಹಚ್ಚಿ ಕೊಡುತ್ತಿದ್ದರು.

ಆ ಚಾಕುವಿನ ಸಣ್ಣ ಅಲಗನ್ನು ಬೆಳಕಿಗೆ ಹಿಡಿದರೆ ಮೊನೆಯಿಂದ ಅರ್ಧ ಇಂಚಿನ ಹಿಂದೆ ಒಂದು ತಗ್ಗು ಕಾಣುತ್ತಿತ್ತು. ಬೆರಳಾಡಿಸಿದರೆ ಉಗುರು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಉಳಿದ ಬಾಯಿಯೆಲ್ಲ ನೇರ, ಅದೊಂದೇ ಜಾಗ ಒಳಗೆ ಸರಿದಿತ್ತು. ಇಪ್ಪತ್ತು ವರ್ಷ ಒಂದೇ ಓರೆಯಲ್ಲಿ ಜೊಂಡು ಕಡಿದು, ಅದೇ ಜಾಗವನ್ನು ಮತ್ತೆ ಮತ್ತೆ ಮಸೆದು ಆದ ತಗ್ಗು. ಕೊಂಬಿನ ಹಿಡಿಯ ಒಂದು ಮಗ್ಗುಲಲ್ಲಿ, ಹೆಬ್ಬೆರಳು ಕೂರುವಲ್ಲಿ, ಮಸಿಯ ಕಲೆ ಇತ್ತು.

ಅಪ್ಪ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಅಲಗು ಕಪ್ಪಾಗಿದೆ, ಮಕ್ಕಳಿಗೆ ತೋರಿಸಲು ಚೆಂದ ಕಾಣಲಿ ಎಂದು ಒಂದು ಅಂಗಡಿಗೆ ಒಯ್ದುಕೊಟ್ಟೆ. ಹತ್ತು ನಿಮಿಷದ ಕೆಲಸ. ಬೆಳ್ಳಿಯಂತೆ ಹೊಳೆಯುತ್ತ ವಾಪಸ್ ಬಂತು. ಮನೆಗೆ ತಂದು ಬೆಳಕಿಗೆ ಹಿಡಿದರೆ ತಗ್ಗು ಇಲ್ಲ, ಬಾಯಿ ಉದ್ದಕ್ಕೂ ಸಮ. ಮುದ್ರೆಯ ಅಕ್ಷರ ಅಳಿಸಿಹೋಗಿವೆ. ಮಸಿಯ ಕಲೆ ಹೋಗಿದೆ. ಮೊನೆಯ ಹತ್ತಿರ ಉಕ್ಕು ನೀಲಿ ತಿರುಗಿದೆ. ಅವ್ವ ಕೈಯಲ್ಲಿ ಹಿಡಿದು ನೋಡಿ, "ಇದು ಯಾರ್ದು?" ಅಂದರು. ಆ ಮಾತು ಇವತ್ತಿಗೂ ಎದೆಯಲ್ಲಿ ಕೂತಿದೆ.

ನೀಲಿ ತಿರುಗುವುದು ಏನೆಂದರೆ, ಚಕ್ರದ ತಿಕ್ಕಾಟಕ್ಕೆ ತೆಳ್ಳಗಿನ ಮೊನೆ ಕ್ಷಣದಲ್ಲಿ ಕಾಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಉಕ್ಕಿನ ಮೇಲೆ ಆ ಬಣ್ಣ ಬರುತ್ತದೆ. ಅಲ್ಲಿಗೆ ಮಾಡಿದವನು ಉಕ್ಕಿಗೆ ಕೊಟ್ಟ ಹದ, ಅಂದರೆ ಕಾಯಿಸಿ ತಣಿಸಿ ತಂದ ಗಟ್ಟಿತನ, ಇಳಿದುಹೋಯಿತು ಎಂದೇ ಲೆಕ್ಕ. ಮುಂದೆ ಎಷ್ಟು ಮಸೆದರೂ ಆ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ.

ನಮ್ಮ ಊರಿನ ಬಿದರಿ ಕೆಲಸ ನೀವು ನೋಡಿರುತ್ತೀರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಚಿತ್ತಾರ ಕೊರೆದು ಬೆಳ್ಳಿ ಕೂರಿಸುತ್ತಾರೆ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನಮ್ಮ ಸಂಬಂಧಿಕರೊಬ್ಬರು ಬಿದರಿ ಹೂದಾನಿಯನ್ನು ಕೊಳೆ ಎಂದುಕೊಂಡು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೂದು ಬಣ್ಣ ಮಾಡಿಬಿಟ್ಟಿದ್ದರು. ಅದನ್ನು ಸರಿಮಾಡಿಸಿದೆವು, ಯಾಕೆಂದರೆ ಆ ಕಪ್ಪು ಹಚ್ಚಲು ಬಲ್ಲ ಕುಶಲಕರ್ಮಿಗಳು ಬೀದರಿನಲ್ಲಿ ಈಗಲೂ ಇದ್ದಾರೆ. ಚಾಕುವಿನ ಕಪ್ಪು ಹಾಗಲ್ಲ. ಅದು ಮಾವಿನಕಾಯಿ, ಉಳ್ಳಾಗಡ್ಡಿ, ನಿಂಬೆಹಣ್ಣು ಹೆಚ್ಚಿ ಹೆಚ್ಚಿ ಬಂದದ್ದು. ವಿನೆಗರಿನಲ್ಲಿ ಅದ್ದಿಟ್ಟರೆ ಕೆಲವೇ ಗಂಟೆಗಳಲ್ಲಿ ಕಪ್ಪು ಬರುತ್ತದೆ ನಿಜ. ಆದರೆ ಅದು ವಿನೆಗರಿನ ಕಪ್ಪು, ನಿಮ್ಮ ಮುತ್ಯಾನದಲ್ಲ.

ಆದ್ದರಿಂದ ಅವ್ವನ ಮಾತಿನಲ್ಲಿ ಹುರುಳಿದೆ. ಆದರೆ "ಮುಟ್ಟಬ್ಯಾಡ್ರಿ" ಅಂದರೆ ಹಾಗೇ ಬಿಟ್ಟುಬಿಡುವುದು ಎಂದಾದರೆ ಅದೂ ಚಾಕುವನ್ನು ಕೊಲ್ಲುತ್ತದೆ. ಕಪ್ಪು ಬೇರೆ, ಕೆಂಪು ಬೇರೆ. ಬೂದು, ನೀಲಿಗಪ್ಪು ಬಣ್ಣದ ನಯವಾದ ಪದರ ಇದ್ದಲ್ಲೇ ನಿಲ್ಲುತ್ತದೆ, ಉಕ್ಕನ್ನು ಸ್ವಲ್ಪ ಕಾಯುತ್ತದೆ ಕೂಡ. ಕೆಂಪು ಜಂಗು ಪುಡಿಪುಡಿಯಾಗಿ ಉದುರುತ್ತದೆ, ತೇವ ಹೀರಿಕೊಂಡು ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಬಿಳಿ ಅರಿವೆಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿ ನೋಡಿ. ಕೆಂಪು ಅಥವಾ ಕಿತ್ತಳೆ ಬಣ್ಣ ಅಂಟಿತೋ, ಜಂಗು ಇನ್ನೂ ಜೀವಂತ ಇದೆ. ಅದನ್ನು ತೆಗೆಯಲೇಬೇಕು. ಕೆಂಪನ್ನು ತೆಗೆಯಿರಿ, ಕಪ್ಪನ್ನು ಬಿಡಿ. ನಾನು ತಡವಾಗಿ ಕಲಿತದ್ದು ಇಷ್ಟೇ.

ತೆಗೆಯಲಿಕ್ಕೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಹಚ್ಚಿ ಒಂದು ರಾತ್ರಿ ಬಿಡಿ. ಬಿದಿರಿನ ಚೂಪು ಕಡ್ಡಿಯಿಂದ ಮೆಲ್ಲಗೆ ಕೆರೆಯಿರಿ. ಬಗ್ಗದಿದ್ದರೆ ಅತಿ ನಯವಾದ ಸ್ಟೀಲ್ ವುಲ್ ಅನ್ನು ಎಣ್ಣೆಯಲ್ಲಿ ಅದ್ದಿ, ಜಂಗು ಇರುವ ಜಾಗಕ್ಕೆ ಮಾತ್ರ, ಮುದ್ರೆಯಿಂದ ದೂರ. ಮರಳು ಕಾಗದ ಬೇಡ. ಹುಣಸೆ, ನಿಂಬೆ, ವಿನೆಗರಿನಲ್ಲಿ ನೆನೆಹಾಕುವುದೂ ಬೇಡ, ಹುಳಿ ಕೆಂಪನ್ನೂ ಕಪ್ಪನ್ನೂ ಒಟ್ಟಿಗೇ ತಿನ್ನುತ್ತದೆ, ಒಳಗಿನ ಹಿತ್ತಾಳೆ ಪಟ್ಟಿಯನ್ನೂ ಬಿಡುವುದಿಲ್ಲ. ಅಡುಗೆ ಎಣ್ಣೆಯನ್ನು ಮಾತ್ರ ಹಾಕಬೇಡಿ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ದಿನ ಕಳೆದಂತೆ ಅಂಟಾಗಿ ಗಟ್ಟಿಯಾಗುತ್ತವೆ, ತಿರುಗುವ ಮೊಳೆ ಇನ್ನಷ್ಟು ಬಿಗಿಯುತ್ತದೆ.

ತೆರೆಯದ ಮೂರನೆಯ ಚಾಕುವಿಗೆ ಇಕ್ಕಳ ಹಾಕಿ ಜಗ್ಗಬೇಡಿ. ಉಗುರು ಹಾಕುವ ಗೀರಿನ ಹತ್ತಿರವೇ ಹಳೆಯ ಅಲಗು ಮುರಿಯಬಹುದು, ಇಲ್ಲವೇ ಬೆನ್ನಿನ ಸ್ಪ್ರಿಂಗು ಸೀಳಬಹುದು. ಮೊಳೆ ಇರುವ ಕಡೆ ಎರಡೂ ಮಗ್ಗುಲಿಗೆ ಎಣ್ಣೆ ಬಿಟ್ಟು ಎರಡು ಮೂರು ದಿನ ಇಡಿ. ಆಮೇಲೆ ಕೂದಲೆಳೆಯಷ್ಟು ಆಡಿಸಿ, ಮತ್ತೆ ಎಣ್ಣೆ, ಮತ್ತೆ ಕಾಯಿರಿ. ನನ್ನ ಅಪ್ಪನ ಚಾಕು ಒಂದು ವಾರ ತೆಗೆದುಕೊಂಡಿತು. ತೆರೆದ ಮೇಲೆ ಒಳಗಿನ ಕೊಳೆಯನ್ನು ಕಡ್ಡಿಯಿಂದ ಎತ್ತಿ ಬಿಳಿ ಕಾಗದದ ಮೇಲೆ ಹಾಕಿ ನೋಡಿ. ನನಗೆ ತಂಬಾಕಿನ ಪುಡಿ, ಒಂದು ಸೆಣಬಿನ ಎಳೆ ಸಿಕ್ಕವು. ಅಪ್ಪ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಬಿಚ್ಚುತ್ತಿದ್ದರು. ಆ ಎಳೆಯನ್ನು ನಾನು ಬಿಸಾಡಲಿಲ್ಲ.

ಶೆಫೀಲ್ಡ್ ಚಾಕುವನ್ನು ಹರಿತ ಮಾಡಿಸುವುದೂ ಬೇಡ ಎನ್ನುತ್ತೇನೆ. ಮುದ್ರೆಯನ್ನು ಓರೆ ಬೆಳಕಿನಲ್ಲಿ ಓದಿ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಜೋಡಿ ಇದ್ದರೆ ಅದು ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಆ ಕಾಲದಲ್ಲಿ ಆ ಹೆಸರಿಗೆ ಎಷ್ಟು ಬೆಲೆ ಇತ್ತೆಂದರೆ ನಕಲಿಗಳೂ ಬಹಳ ಬಂದವು, ಹಾಗಾಗಿ ಹೆಸರು ನೋಡಿದ ಕೂಡಲೇ ನಂಬಬೇಡಿ. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲೇ ಮಾಡಿದ್ದು 1913ರಲ್ಲಿ. ಅದರ ನಂತರವೂ ಕಪ್ಪಾಗುವ ಹಳೆಯ ಬಗೆಯ ಉಕ್ಕಿನ ಚಾಕುಗಳು ಬರುತ್ತಲೇ ಇದ್ದವು. ಅಲಗು ಕಪ್ಪಾಗಿದ್ದರೆ ಉಕ್ಕಿನ ಬಗೆ ಗೊತ್ತಾಗುತ್ತದೆ, ವಯಸ್ಸು ಗೊತ್ತಾಗುವುದಿಲ್ಲ. ಮಾರುವ ಯೋಚನೆ ಎಂದಾದರೂ ಬಂದರೆ, ಪಾಲಿಶ್ ಮಾಡಿದ ಹಳೆಯ ಚಾಕುವಿಗೆ ಸಂಗ್ರಹಕಾರರು ಕಡಿಮೆ ಬೆಲೆಯನ್ನೇ ಕೊಡುತ್ತಾರೆ, ಇದನ್ನು ತಮ್ಮನಿಗೆ ಹೇಳಿ. ಹಿಡಿ ಎಮ್ಮೆ ಕೊಂಬಿನದೋ ಬೇರೆಯದೋ ತಿಳಿದುಕೊಳ್ಳಿ. ಆನೆ ದಂತ ಅಥವಾ ಜಿಂಕೆ ಕೊಂಬಿನದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಸುಮ್ಮನೆ ಮಾರುವಂತಿಲ್ಲ.

ಸಂತೆಯ ಚಾಕುವಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ತಮ್ಮನ ಕಡೆ. ಅದು ದುಡಿಯಲು ಕೊಂಡದ್ದು. ಮುತ್ಯಾ ಇದ್ದಿದ್ದರೆ ಮೊಂಡಾದ ದಿನವೇ ಮಸೆಯುತ್ತಿದ್ದರು. ಮೊಳೆ ಸಡಿಲಾಗಿದ್ದರೆ ಕಮ್ಮಾರರ ಹತ್ತಿರ ಬಿಗಿ ಮಾಡಿಸಿ, ಕಟ್ಟಿಗೆ ಸೀಳಿದ್ದರೆ ಹೊಸ ಹಿಡಿ ಹಾಕಿಸಿ, ಹಳೆಯ ತುಂಡನ್ನು ಎತ್ತಿಡಿ. ಮಸೆಯುವುದು ಮಾತ್ರ ಮನೆಯಲ್ಲೇ, ನೀರು ಹಾಕಿದ ಕಲ್ಲಿನ ಮೇಲೆ, ಕೈಯಿಂದ. ಆಮೇಲೆ ತಮ್ಮನ ಕೈಗೆ ಕೊಡಿ, ಕಿಸೆಯಲ್ಲಿಟ್ಟುಕೊಂಡು ಓಡಾಡಲಿ, ಹಣ್ಣು ಹೆಚ್ಚಲಿ. ಅಲಗಿಗೆ ಇನ್ನು ಮುಂದೆ ಅವನ ಕಪ್ಪು ಕೂಡುತ್ತದೆ.

ಇಡುವ ಬಗ್ಗೆ. ನಮ್ಮ ಕಡೆಯ ಬಿಸಿಲು ಉಕ್ಕಿಗೆ ಒಳ್ಳೆಯದು, ಕೊಂಬಿಗೆ ಕೆಟ್ಟದ್ದು. ಮೇ ತಿಂಗಳ ಒಣ ಧಗೆಗೆ ಕೊಂಬು ಕುಗ್ಗಿ ಸೀಳು ಬಿಡುತ್ತದೆ, ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಇಡಬೇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಿ, ಎಣ್ಣೆ ಬಟ್ಟೆಯಿಂದ ಒರೆಸಿ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ, ಅದನ್ನು ಹದಮಾಡಲು ಬಳಸಿದ ಹುಳಿ ಅದರಲ್ಲಿ ಉಳಿದಿರುತ್ತದೆ. ಹತ್ತಿ ಬಟ್ಟೆ ಸಾಕು. ಇನ್ನೊಂದು, ಆಯುಧ ಪೂಜೆಯ ದಿನ ಚಾಕುವಿಗೆ ಅರಿಷಿಣ, ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವವರಿದ್ದಾರೆ. ಪೂಜೆ ಮಾಡಿ, ಆದರೆ ಬನ್ನಿ ಕೊಟ್ಟು ಬಂದ ಸಂಜೆಯೇ ಒರೆಸಿ ಎಣ್ಣೆ ಹಚ್ಚಿ. ನಮ್ಮ ಮನೆಯ ಅಡಕೊತ್ತಿನ ಮೇಲೆ ಕುಂಕುಮ ಕೂತಿದ್ದ ಜಾಗಕ್ಕೇ ಜಂಗಿನ ಗುಂಡಗಿನ ಗುರುತು ಬಿದ್ದಿದೆ.

ಇವೆಲ್ಲಕ್ಕಿಂತ ಮೊದಲು, ಎಣ್ಣೆಯ ಹನಿ ಬೀಳುವ ಮುನ್ನ, ಮೂರನ್ನೂ ಅವ್ವನ ಮುಂದೆ ಇಟ್ಟು ಕೂತುಕೊಳ್ಳಿ. ಯಾವುದು ಹೊಲಕ್ಕೆ ಹೋಗುತ್ತಿತ್ತು, ಯಾವುದು ಹಬ್ಬಕ್ಕೆ ಹೊರಗೆ ಬರುತ್ತಿತ್ತು, ಯಾವುದರಿಂದ ಯಾರ ಕೈ ಕೊಯ್ದಿತ್ತು ಕೇಳಿ, ಒಂದೊಂದಕ್ಕೂ ಚೀಟಿ ಬರೆದು ಜೊತೆಗೇ ಇಡಿ. ನಮ್ಮ ಅವ್ವನನ್ನು ಕೇಳದೆ ನಾನು ಅಂಗಡಿಗೆ ಹೋಗಿದ್ದೆ. ಶೆಫೀಲ್ಡ್ ಮುದ್ರೆಯ ಚಿತ್ರವನ್ನು ಒರೆಸುವ ಮೊದಲೇ ತೆಗೆದು ಇಲ್ಲಿ ಹಾಕಿ, ಅಕ್ಷರ ಓದಲು ನನ್ನ ಕೈಲಾದ ಸಹಾಯ ಮಾಡುತ್ತೇನೆ.