ಸೈಕಲ್ಲಿನ ಲೋಹ ಯಾವುದೆಂದು ತಿಳಿಯುವ ಬಗೆ

ಕೊಂಡುಕೊಂಡ ಹಳೆಯ ಫ್ರೇಮಿಗೆ ಆಯಸ್ಕಾಂತ ಅಂಟುತ್ತದೆ, ಸೀಟನ್ನು ಹೊರುವ ಕಂಬಕ್ಕೆ, ಅಂದರೆ ಸೀಟ್ ಪೋಸ್ಟಿಗೆ, ಅಂಟುವುದಿಲ್ಲ, ಪೋಸ್ಟ್ ಮಾತ್ರ ಎಷ್ಟು ತಿರುಚಿದರೂ ಹೊರಗೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಂ ಪೋಸ್ಟ್ ಕೂತಿದ್ದು, ವರ್ಷಗಟ್ಟಲೆ ಇಳಿದ ಬೆವರು ಮತ್ತು ಮಳೆನೀರಿನಿಂದ ಅಲ್ಯೂಮಿನಿಯಂ ಸವೆದು, ಅದರ ಬಿಳಿಯ ಪುಡಿ ಉಬ್ಬಿ ಕಚ್ಚಿಕೊಂಡಿರುವ ಲಕ್ಷಣವಿದು. ಆದರೂ ಕೈ ಹಾಕುವ ಮೊದಲು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಆಯಸ್ಕಾಂತ ಬಣ್ಣದ ಮೇಲಿನಿಂದಲೂ ಹಿಡಿಯುತ್ತದೆ; ಆದರೆ ಅದನ್ನು ಬೋಲ್ಟು, ಬೇರಿಂಗುಗಳಿಂದ ದೂರವಿರುವ ಕೊಳವೆಯ ನಡುಭಾಗದಲ್ಲಿ ಇಟ್ಟು ನೋಡಬೇಕು. ಮುಂಚಕ್ರವನ್ನು ಹಿಡಿದಿರುವ ಫೋರ್ಕನ್ನು ಬೇರೆಯಾಗಿಯೇ ಪರೀಕ್ಷಿಸಿ, ಏಕೆಂದರೆ ಅಲ್ಯೂಮಿನಿಯಂ ಫ್ರೇಮಿಗೆ ಉಕ್ಕಿನ ಫೋರ್ಕ್ ಹಾಕಿರುವುದು ಬಹಳ ಸಾಮಾನ್ಯ. ಹೊಳೆಯುವ ರಿಮ್ಮಿಗೆ ಅದು ಗಟ್ಟಿಯಾಗಿ ಅಂಟಿದರೆ ಕ್ರೋಮ್ ಲೇಪಿಸಿದ ಉಕ್ಕೆಂದು ತಿಳಿಯಿರಿ; ಮಳೆಯಲ್ಲಿ ಅಂಥ ರಿಮ್ಮಿನ ಮೇಲೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ.

ಆಯಸ್ಕಾಂತ ನಮ್ಮನ್ನು ದಾರಿ ತಪ್ಪಿಸುವುದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ. 304 ದರ್ಜೆಯ ಸ್ಟೇನ್‌ಲೆಸ್‌ಗೆ ಅದು ಹೆಚ್ಚುಕಡಿಮೆ ಅಂಟುವುದೇ ಇಲ್ಲ, ಆದರೆ ಅದೇ ಲೋಹವನ್ನು ತಣ್ಣಗಿರುವಾಗಲೇ ಎಳೆದು ಸ್ಪೋಕ್ ಕಡ್ಡಿ ಮಾಡಿದಾಗ ಅಲ್ಪಸ್ವಲ್ಪ ಅಂಟತೊಡಗುತ್ತದೆ. ಹೀಗಾಗಿ ಕಡ್ಡಿಗೆ ತುಸು ಅಂಟಿತೆಂದು ಅದನ್ನು ಕೀಳು ಮಾಲೆಂದು ಎಸೆಯಬೇಡಿ.

ಆಯಸ್ಕಾಂತ ಅಂಟದ ಬಿಡಿಭಾಗ ಕೈಗೆ ಬಿಡಿಯಾಗಿ ಸಿಕ್ಕರೆ ನಾನು ನೆಚ್ಚುವುದು ನೀರಿನಲ್ಲಿ ಮುಳುಗಿಸಿ ತೂಗುವುದನ್ನು. ಉಕ್ಕಿನ ಬೋಲ್ಟುಗಳನ್ನು ಬಿಚ್ಚಿ, ಭಾಗವನ್ನು ಮೊದಲು ಗಾಳಿಯಲ್ಲಿ ತೂಗಿ, ಬಳಿಕ ದಾರದಲ್ಲಿ ಕಟ್ಟಿ, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹೊರಡುವಂತೆ ಅಲುಗಿಸಿ, ಪೂರ್ತಿ ಮುಳುಗಿಸಿ ತೂಗುತಕ್ಕಡಿಗೆ ನೇತುಹಾಕಿ ತೂಗಿರಿ. ಗಾಳಿಯಲ್ಲಿ 270 ಗ್ರಾಂ ಇದ್ದ ಪೋಸ್ಟ್ ನೀರಿನಲ್ಲಿ 170 ಗ್ರಾಂ ತೂಗಿದರೆ ಕಡಿಮೆಯಾದದ್ದು 100 ಗ್ರಾಂ. 270ನ್ನು ಅದರಿಂದ ಭಾಗಿಸಿದಾಗ ಬರುವ 2.7 ಅಲ್ಯೂಮಿನಿಯಂನ ಸಾಂದ್ರತೆ. ಸುಮಾರು 1.8 ಬಂದರೆ ಮೆಗ್ನೀಸಿಯಂ, 4.5 ಬಂದರೆ ಟೈಟಾನಿಯಂ, 8ರ ಹತ್ತಿರ ಬಂದರೆ ಸ್ಟೇನ್‌ಲೆಸ್. 

ಇಡೀ ಫ್ರೇಮನ್ನು ಮುಳುಗಿಸಲಾಗದು. ಅಲ್ಲಿ ಬೆಸುಗೆಯನ್ನು ನೋಡಿ. ದಪ್ಪ ಕೊಳವೆಗಳು ಕೂಡುವಲ್ಲಿ ಮೀನಿನ ಹುರುಪೆಯಂತೆ ಉಬ್ಬಿದ ಅಗಲ ಬೆಸುಗೆ ಕಂಡರೆ ಬಹುಪಾಲು ಅಲ್ಯೂಮಿನಿಯಂ. ಬಣ್ಣವಿಲ್ಲದ ಬೂದು ಫ್ರೇಮಿನಲ್ಲಿ ಸಣ್ಣ, ಒಂದೇ ಸಮನಾದ ಬೆಸುಗೆ ಇದ್ದರೆ ಟೈಟಾನಿಯಂ ಇರಬಹುದು. ಸಾದಾ ಉಕ್ಕೋ ಕ್ರೋಮೋಲಿಯೋ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಉಕ್ಕು) ಎಂಬುದನ್ನು ಇವು ಯಾವುವೂ ಹೇಳಲಾರವು. ಪೋಸ್ಟಿನ ವ್ಯಾಸ 27.2 ಮಿ.ಮೀ. ಇದ್ದರೆ ಕೊಳವೆಯ ಗೋಡೆ ತೆಳುವೆಂದೂ, ಉಕ್ಕು ಒಳ್ಳೆಯದಿರಬಹುದೆಂದೂ ಊಹಿಸಬಹುದು, ಅಷ್ಟೇ.

ಇನ್ನು ನಿಮ್ಮ ಪೋಸ್ಟ್. ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ, ಆಮೇಲೆ ಪೋಸ್ಟಿನ ತಲೆಯನ್ನು ವೈಸಿನಲ್ಲಿ ಹಿಡಿದು ಫ್ರೇಮನ್ನೇ ನಿಧಾನವಾಗಿ ತಿರುಗಿಸಿ. ಕೊನೆಯ ಉಪಾಯವಾದ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ಕರಗಿಸಿ ಉಕ್ಕನ್ನು ಬಿಡುತ್ತದೆ, ಆದರೆ ಫ್ರೇಮಿನ ಬಣ್ಣವನ್ನೂ ಕಿತ್ತುಹಾಕುತ್ತದೆ. ಕರಗುವಾಗ ಹೈಡ್ರೋಜನ್ ಹೊರಡುವುದರಿಂದ ಬೆಂಕಿಯಿಂದ ದೂರ, ಬಯಲಿನಲ್ಲಿ, ಕನ್ನಡಕ ಮತ್ತು ರಬ್ಬರ್ ಕೈಗವಸು ತೊಟ್ಟೇ ಮಾಡಬೇಕು. ಫ್ರೇಮೇ ಅಲ್ಯೂಮಿನಿಯಂ ಆಗಿದ್ದರೆ ಪೋಸ್ಟಿನ ಜೊತೆಗೆ ಅದೂ ಕರಗುತ್ತದೆ. ಮೊದಲೇ ಆಯಸ್ಕಾಂತ ಇಟ್ಟು ನೋಡಿ ಎಂದದ್ದು ಅದಕ್ಕೇ.